ಪಾಸ್‌ವರ್ಡುಗಳ ಹಾಳೆ

ಲಿಯೆಪಾಯದ ಮೀನುಪೇಟೆಯ ಹಿಂದೆ
ಗಾಳಿಗೆ ಬೆನ್ನು ಕೊಟ್ಟು ನಿಂತ ನನ್ನ ಅಂಗಡಿಗೆ
ಎರಡು ಬಾಗಿಲು.
ಒಂದು ಮರದ್ದು, ಅಪ್ಪ ಇಡಿಸಿದ್ದು, ಉಪ್ಪು ತಿಂದು ಉಬ್ಬಿದೆ.
ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುವಂಥದ್ದು, ಐವಾರ್ಸ್ ಕಟ್ಟಿದ್ದು.
ಹನ್ನೊಂದು ವರ್ಷ ಅದೂ ಕಿರುಗುಟ್ಟಿತು.

ಫೋನಿನಲ್ಲಿ ನೋಡಿದರೆ ಬೆಲೆಗಳು ಅಂಚು ದಾಟಿ ಹೋಗುತ್ತಿದ್ದವು,
ಹೊಗೆಗಿಟ್ಟ ಹಾವುಮೀನು ಬಾಲವಿಲ್ಲದೆ ಮಲಗಿರುತ್ತಿತ್ತು.
"ನಾಳೆ ನೋಡ್ತೀನಿ ಜೈಗಾ."
ಅವನ ನಾಳೆ ನಮ್ಮ ಕಡಲಿನ ಬೇಸಿಗೆಯ ಹಾಗೆ,
ಬಂತು ಅನ್ನುವಷ್ಟರಲ್ಲಿ ಕೋಟು ಹುಡುಕಬೇಕು.

ಆಮೇಲೆ ಆ ಕ್ರಿಸ್‌ಮಸ್ಸಿನ ವಾರ.
ಬಂದ ಆರ್ಡರುಗಳು ಯಾವ ಪಾತಾಳಕ್ಕೆ ಇಳಿದವೋ.
ನಲವತ್ತೆರಡು ಮನೆಯ ಮೇಜು ಬರಿದು,
ನಲವತ್ತೆರಡು ಫೋನು, ನನಗಿರುವುದು ಒಂದು ಬಾಯಿ.
ಅವನು ಆಸ್ಪತ್ರೆಯಲ್ಲಿದ್ದನಂತೆ, ಮೂತ್ರಪಿಂಡದ ಕಲ್ಲು.
ನನಗದು ಗೊತ್ತಾದದ್ದು ಜನವರಿಯಲ್ಲಿ,
ಬೈದು ಮುಗಿಸಿದ ಮೇಲೆ.

ರೀಗಾದವರು ಬಂದರು. ಬಂದರು ಅಂದರೆ
ಪರದೆಯ ಮೇಲೆ: ಐದು ಚೌಕ, ನಾಲ್ಕು ಮುಖ, ಒಂದು ಬೆಕ್ಕು.
ಮದಾರ ಅನ್ನುವ ಹುಡುಗಿ ನನ್ನ ಗಿರಾಕಿಯ ಪರಿಚಯ ನನಗೇ ಮಾಡಿಸಿದಳು:
ವಯಸ್ಸು ಮೂವತ್ತೆಂಟು, ಇಬ್ಬರು ಮಕ್ಕಳು, ಬಿಡುವಿಲ್ಲ,
ಅಡುಗೆಯೆಂದರೆ ಪ್ರೀತಿ, ಕಾಯುವುದೆಂದರೆ ಆಗದು.
ಇಂಥವಳು ನಿಜಕ್ಕೂ ಇಲ್ಲ, ಕಲ್ಪಿಸಿಕೊಳ್ಳಿ ಅಂದಳು.
ಕಲ್ಪಿಸಿಕೊಂಡೆ.
ಪಾಪ, ತುಂಬ ಹಸಿದ ಹಾಗಿದ್ದಳು.

ಕರಾರಿಗೆ ಸಹಿ ಹಾಕಿದ ಕೈ
ಎರಡು ದಿನ ಮೀನು ಸೀಳುವಾಗಲೂ ತಡವರಿಸಿತು.

ಇನ್ನು ಬೀಗದಕೈಗಳು.
"ಹಳಬರಿಂದ ಎಲ್ಲ ಇಸಿದುಕೊಳ್ಳಿ, ಕೆಲವರು ಕೊಡೋದಿಲ್ಲ,
ಸತಾಯಿಸ್ತಾರೆ" ಅಂದಿದ್ದಳು ಮದಾರ.
ಜಗಳಕ್ಕೆ ಟೊಂಕ ಕಟ್ಟಿಯೇ ಹೊರಟೆ.
ಟ್ರಾಮಿನ ಏಳು ನಿಲ್ದಾಣದುದ್ದಕ್ಕೂ
ಚಾಕು ಮಸೆದ ಹಾಗೆ ಮಾತು ಮಸೆದೆ.

ಐವಾರ್ಸ್ ಚಹಾ ಇಟ್ಟ. ತೆಳ್ಳಗಾಗಿದ್ದ.
ಡ್ರಾಯರು ಎಳೆದು ಒಂದು ಹಾಳೆ ತೆಗೆದ,
ಪೆನ್ಸಿಲಿನಲ್ಲಿ, ಉದ್ರಿ ಲೆಕ್ಕದ ಹಾಗೆ ಸಾಲು ಸಾಲು.
ಮೊದಲ ಸಾಲಿನಲ್ಲೇ ಅಪ್ಪನ ದೋಣಿಯ ಹೆಸರು,
ಜಿಂತ್ರಾ, ಅದಕ್ಕಂಟಿ ತೊಂಬತ್ತಾರು,
ನಾವದನ್ನು ಮಾರಿದ ವರ್ಷ.

"ನಿನಗೆ ಹೇಗೆ ಗೊತ್ತು?"
"ಮರೆಯದಂಥದ್ದು ಒಂದು ಹೇಳು ಅಂದಿದ್ದೆ, ಮೊದಲ ದಿನ.
ನೀನೇ ಹೇಳಿದ್ದು."
ನಾನು ಮರೆತಿದ್ದೆ.

ಮಸೆದ ಮಾತು ಒರೆಯಲ್ಲೇ ಉಳಿಯಿತು.
ಡೊಮೇನು ಅವನ ಹೆಸರಿನಲ್ಲಿತ್ತು, ಬರೆದುಕೊಟ್ಟ.
ಮೂರು ವರ್ಷದ ಬಾಡಿಗೆ ತಾನೇ ಕಟ್ಟಿ
ಬಿಲ್ಲು ಕಳಿಸುವುದು ಬಿಟ್ಟುಹೋಗಿತ್ತಂತೆ.
"ನಾಳೆ ಕಳಿಸ್ತೀನಿ" ಅಂದ.

ಹೊಸದು ಬಂತು. ಬಿಳುಪು, ಅಗಲ, ತೊಳೆದ ಕಲ್ಲಿನ ಹಾಗೆ ಚೊಕ್ಕಟ.
ಹಾವುಮೀನಿಗೆ ಬಾಲ ಬಂತು. ಆರ್ಡರುಗಳು
ರಾತ್ರಿ ಎರಡಕ್ಕೂ ಟಿಣ್ ಅಂತ ಬಂದು ಬೀಳುತ್ತವೆ.
ಸುಳ್ಳು ಯಾಕೆ ಹೇಳಲಿ, ದುಡ್ಡು ಬರುತ್ತಿದೆ.

ಆದರೆ ಮೊನ್ನೆ ವೆಂಟ್ಸ್‌ಪಿಲ್ಸಿನ ಮುದುಕ ವಿಲ್ನಿಸ್ ಫೋನು ಮಾಡಿದ:
"ಆ ಹಕ್ಕಿ ಎಲ್ಲಿ?"
ವಿಳಾಸ ತಪ್ಪಾಗಿ ಒತ್ತಿದರೆ ಮೊದಲು ಬರುತ್ತಿತ್ತು,
ಮೀನು ಕಚ್ಚಿಕೊಂಡ ಒಂದು ಕಡಲಹಕ್ಕಿ,
ಕೆಳಗೆ ಐವಾರ್ಸ್ ಬರೆದ ಸಾಲು:
'ನೀವು ಹುಡುಕಿದ್ದನ್ನು ಇವನು ಒಯ್ದ.'
ವಿಲ್ನಿಸ್ ಬೇಕೆಂದೇ ತಪ್ಪು ಒತ್ತುತ್ತಿದ್ದನಂತೆ,
ಭಾನುವಾರಗಳಲ್ಲಿ.
ಈಗ ಅಲ್ಲಿ 'ಪುಟ ಸಿಗಲಿಲ್ಲ, ಕ್ಷಮಿಸಿ.'

ಮದಾರಳನ್ನು ಕೇಳಿದೆ. ಹಾಕಬಹುದು, ಅಂದಳು,
ಎರಡು ಗಂಟೆಯ ಕೆಲಸ, ಬೇರೆ ಬಿಲ್ಲು.
ಯೋಚಿಸಿ ಹೇಳ್ತೀನಿ ಅಂದೆ.

ಬಿಲ್ಲು ಅಂದಾಗ ನೆನಪಾಯಿತು,
ಐವಾರ್ಸನ ನಾಳೆ ಇನ್ನೂ ಬಂದಿಲ್ಲ.
ಒಲೆಯಿಂದ ಇಳಿದವುಗಳಲ್ಲಿ ಉದ್ದನೆಯ ಹಾವುಮೀನು ಆರಿಸಿ
ಕಾಗದದಲ್ಲಿ ಸುತ್ತಿದೆ, ಲಕೋಟೆಯೊಂದನ್ನು ಒಳಗಿಟ್ಟೆ.
ಎಷ್ಟು ಮಡಿಸಿದರೂ
ಬಾಲ ಅಂಚು ದಾಟಿ ಹೊರಗೇ ಉಳಿಯಿತು.

ಇರಲಿ, ಅವನಿಗೆ ಅರ್ಥವಾಗುತ್ತದೆ.